ಐನೂರು ಪ್ರತಿಗಳ ಚಳಿಗಾಲ

ಕಳೆದ ತಿಂಗಳು ಒಂದು ಭಾನುವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದರು. ಒಳಗೆ ಬನ್ನಿ ಎಂದರೂ ಬರದೆ ಜಗಲಿಯ ಮೇಲೇ ಕುಳಿತರು. ಕಾಫಿಯೂ ಬೇಡವೆಂದರು. ಸ್ವಲ್ಪ ಹೊತ್ತು ಮಳೆಯ ವಿಚಾರ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು.

“ಮೇಷ್ಟ್ರೇ, ನಮ್ಮ ಹುಡುಗ ಬೆಂಗಳೂರಿಂದ ವಾಪಸು ಬಂದುಬಿಟ್ಟಿದ್ದಾನೆ. ಎರಡು ತಿಂಗಳಾಯ್ತು. ಕೆಲಸ ಹೋಯ್ತು, ಅದರ ಹಿಂದೆಯೇ ಕಾಮಾಲೆಯೂ ಆಯ್ತು. ಈಗ ವಾಸಿಯಾಗಿದೆ, ಆದರೂ ಕೋಣೆ ಬಿಟ್ಟು ಹೊರಗೆ ಬರೋದಿಲ್ಲ. ನೀವು ಹೇಳಿದರೆ ಕೇಳ್ತಾನೆ. ನಾಲ್ಕು ಬುದ್ಧಿಮಾತು ಹೇಳಿ.”

ಇಪ್ಪತ್ತೆಂಟು ವರ್ಷ ಪಾಠ ಹೇಳಿದವನಿಗೆ ಬುದ್ಧಿಮಾತಿಗೆ ಬರವೆ? ಮಾರನೆಯ ದಿನವೇ ಹೋದೆ. ಹುಡುಗನಿಗೆ ಈಗ ಇಪ್ಪತ್ತೈದು. ಎದ್ದು ನಿಂತು ನಮಸ್ಕಾರ ಮಾಡಿದ. ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಇಯರ್‌ಫೋನನ್ನು ನನ್ನ ಕೈಗೆ ಕೊಟ್ಟ. “ಸರ್, ಮೊದಲು ಇದನ್ನ ಪೂರ್ತಿ ಕೇಳಿ, ಆಮೇಲೆ ಬೈಯಿರಿ. ಮೂವತ್ತೇಳು ನಿಮಿಷ ಅಷ್ಟೆ” ಎಂದ. ನಮ್ಮ ಶಾಲೆಯ ಒಂದು ಪೀರಿಯಡ್ಡಿಗಿಂತ ಮೂರು ನಿಮಿಷ ಕಡಿಮೆ! ಒಪ್ಪಿದೆ.

ನನಗೆ ಪಾಶ್ಚಾತ್ಯ ಸಂಗೀತದ ಗಂಧ ಅಷ್ಟಾಗಿ ಇಲ್ಲ. ನಮ್ಮ ಕಾಲದಲ್ಲಿ ಭಾವಗೀತೆಗಳ ಕ್ಯಾಸೆಟ್ಟು ಕೇಳಿ ಬೆಳೆದವನು ನಾನು. ಆದರೂ ಅಂದು ಕೇಳಿದ್ದು ಬೇರೆಯೇ ಆಗಿತ್ತು. ಒಂದು ಗಿಟಾರು, ಅದರ ಮೇಲೆ ಹೆಣ್ಣಿನದೋ ಗಂಡಿನದೋ ಹೇಳಲಾಗದಷ್ಟು ಎತ್ತರದ ದನಿ. ಒಂದೇ ದನಿ, ಆದರೆ ಹತ್ತಾರು ಮಂದಿ ಹಾಡಿದಂತೆ. ಮಾತು ಅರ್ಥವಾಗಲಿಲ್ಲ; ದುಃಖ ಮಾತ್ರ ಚೆನ್ನಾಗಿ ಅರ್ಥವಾಯಿತು. ಮನೆಗೆ ಬಂದು ಈ ಹಾಡುಗಾರನ ವಿವರಗಳನ್ನು ಹುಡುಕಿ ಓದಿದೆ. ವಿದ್ಯಾರ್ಥಿಗಳಿಗೂ ತಂದೆತಾಯಿಗಳಿಗೂ ಹೇಳಲೇಬೇಕಾದ ಕಥೆ ಅದು. ಜೊತೆಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸೋತು ಊರಿಗೆ ಮರಳಿದವನು

ಹಾಡುಗಾರನ ಹೆಸರು ಜಸ್ಟಿನ್ ವರ್ನನ್. ಹುಟ್ಟಿದ್ದು 1981ರಲ್ಲಿ, ಬೆಳೆದದ್ದು ಅಮೆರಿಕದ ಉತ್ತರ ಭಾಗದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಎಂಬ ಊರಿನಲ್ಲಿ. ಪೂರ್ಣ ಹೆಸರು ಜಸ್ಟಿನ್ ಡಿಯಾರ್ಮಂಡ್ ಎಡಿಸನ್ ವರ್ನನ್. 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದು, ಮನುಷ್ಯನ ದನಿಯನ್ನು ಮುದ್ರಿಸಿ ಮತ್ತೆ ಕೇಳಿಸಿದ ಥಾಮಸ್ ಎಡಿಸನ್ ನೆನಪಾದರೆ ತಪ್ಪಿಲ್ಲ. ವರ್ನನ್ ಮತ್ತು ಗೆಳೆಯರು ಕಟ್ಟಿದ ವಾದ್ಯತಂಡದ ಹೆಸರೂ ‘ಡಿಯಾರ್ಮಂಡ್ ಎಡಿಸನ್’ ಎಂದೇ. 2005ರಲ್ಲಿ ಆ ಹುಡುಗರು ದೊಡ್ಡ ಕನಸು ಹೊತ್ತು ದೂರದ ನಾರ್ತ್ ಕೆರೊಲಿನಾ ರಾಜ್ಯದ ರಾಲಿ ನಗರಕ್ಕೆ ಹೋದರು. ಮರುವರ್ಷವೇ ತಂಡ ಒಡೆಯಿತು. ಪ್ರೀತಿಯ ಸಂಬಂಧವೊಂದು ಮುರಿಯಿತು. ಅದೇ ಹೊತ್ತಿಗೆ ಮಾನೊನ್ಯೂಕ್ಲಿಯೋಸಿಸ್ ಎಂಬ ವೈರಾಣು ಜ್ವರ ಆತನ ಯಕೃತ್ತಿಗೂ ತಗುಲಿತು. ಈ ಕಾಯಿಲೆಗೆ ವಿಶ್ರಾಂತಿಯೇ ಮುಖ್ಯ ಔಷಧ. ತಿಂಗಳುಗಟ್ಟಲೆ ಹಾಸಿಗೆ ಹಿಡಿದ.

2006ರ ಚಳಿಗಾಲ ಶುರುವಾಗುವ ಹೊತ್ತಿಗೆ ವರ್ನನ್ ಸಾಮಾನುಗಳನ್ನು ಕಾರಿನಲ್ಲಿ ತುಂಬಿಕೊಂಡು ಸಾವಿರದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಿಕೊಂಡು ಊರಿಗೆ ಮರಳಿದ. ವಯಸ್ಸು ಇಪ್ಪತ್ತೈದು. ತಂದೆಗೆ ಕಾಡಿನ ಅಂಚಿನಲ್ಲಿ ಬೇಟೆಯ ಕಾಲಕ್ಕೆ ತಂಗಲು ಒಂದು ಮರದ ಮನೆ ಇತ್ತು. ಆತ ಅಲ್ಲಿ ಹೋಗಿ ಉಳಿದುಕೊಂಡ. ಹೊರಗೆ ಹಿಮ, ಅಲ್ಲಿ ಸೊನ್ನೆಗಿಂತ ಹತ್ತು, ಹದಿನೈದು ಡಿಗ್ರಿ ಕೆಳಗಿನ ಚಳಿ ಸಾಮಾನ್ಯ. ಸೌದೆ ಒಡೆದು ಒಟ್ಟುವುದು, ಬೇಟೆಯ ಜಿಂಕೆಯ ಮಾಂಸ ಬೇಯಿಸಿಕೊಳ್ಳುವುದು, ಸುಮ್ಮನೆ ಕೂರುವುದು: ಇಷ್ಟೇ ದಿನಚರಿ. ಹಾಡು ಮಾಡಬೇಕೆಂದು ತಾನು ಅಲ್ಲಿಗೆ ಹೋಗಿರಲಿಲ್ಲ ಎಂದು ಆತನೇ ಮುಂದೆ ಹೇಳಿದ್ದಾನೆ. ಕೆಲವು ವಾರ ಕಳೆದ ಮೇಲೆ, ಜೊತೆಗೆ ತಂದಿದ್ದ ಹಳೆಯ ಧ್ವನಿಮುದ್ರಣ ಸಾಮಗ್ರಿಯನ್ನು ಬಿಚ್ಚಿದ. ಸುಮಾರು ಮೂರು ತಿಂಗಳಲ್ಲಿ ಒಂಬತ್ತು ಹಾಡುಗಳಾದವು.

ಕಾಯಿಲೆ ಮಲಗಿದ್ದಾಗ ಆತ ‘ನಾರ್ದರ್ನ್ ಎಕ್ಸ್‌ಪೋಷರ್’ ಎಂಬ ಟೆಲಿವಿಷನ್ ಧಾರಾವಾಹಿ ನೋಡುತ್ತಿದ್ದ. ಅದರಲ್ಲಿ ಅಲಾಸ್ಕಾದ ಒಂದು ಹಳ್ಳಿಯ ಜನ, ಮೊದಲ ಹಿಮ ಬಿದ್ದಾಗ ಫ್ರೆಂಚ್ ಭಾಷೆಯಲ್ಲಿ ‘ಒಳ್ಳೆಯ ಚಳಿಗಾಲ’ ಎಂದು ಒಬ್ಬರಿಗೊಬ್ಬರು ಹಾರೈಸುತ್ತಾರೆ. ಆ ಹಾರೈಕೆಯನ್ನೇ ತನ್ನ ಹೆಸರಾಗಿಸಿಕೊಂಡ: ‘ಬೋನ್ ಇವೇರ್’. ಫ್ರೆಂಚ್ ಕಾಗುಣಿತದಲ್ಲಿ ಬರೆದು ನೋಡಿದರೆ ಇಂಗ್ಲಿಷಿನ ‘ಲಿವರ್’ ಎಂಬ ಮಾತು ಕಣ್ಣಿಗೆ ಹೊಡೆದು ಕಾಯಿಲೆ ನೆನಪಾಗುತ್ತಿತ್ತಂತೆ. ಹಾಗಾಗಿ ಒಂದು ಅಕ್ಷರ ಬಿಟ್ಟ! ಸಂಕಲನದ ಹೆಸರು ‘ಫಾರ್ ಎಮ್ಮಾ, ಫಾರೆವರ್ ಅಗೋ’.

ಒಂದು ಮೈಕು, ಒಂದು ಗಂಟಲು

ಈಗ ನಮ್ಮ ವಿಷಯಕ್ಕೆ, ಅಂದರೆ ವಿಜ್ಞಾನಕ್ಕೆ ಬರೋಣ. ಆ ಮರದ ಮನೆಯಲ್ಲಿ ಇದ್ದದ್ದೇನು? ಒಂದು ಹಳೆಯ ಕಂಪ್ಯೂಟರು, ಧ್ವನಿಮುದ್ರಣದ ಒಂದು ಸಾಫ್ಟ್‌ವೇರು, ಗಿಟಾರು, ಜೊತೆಗೆ ಶೂರ್ ಕಂಪನಿಯ ‘ಎಸ್‌ಎಂ 57’ ಎಂಬ ಮೈಕು. 1965ರಲ್ಲಿ ಮಾರುಕಟ್ಟೆಗೆ ಬಂದ ಈ ಮೈಕು ದುಬಾರಿಯಲ್ಲ. ಊರೂರಿನ ವೇದಿಕೆಗಳಲ್ಲಿ ಕಾಣಸಿಗುವ ಗಟ್ಟಿ ಜಾತಿಯದು.

ಹತ್ತನೆಯ ತರಗತಿಯವರು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವನ್ನು ನೆನಪಿಸಿಕೊಳ್ಳಿ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟದ್ದು: ಅಯಸ್ಕಾಂತದ ಹತ್ತಿರ ತಂತಿಯ ಸುರುಳಿ ಅಲುಗಾಡಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಈ ಮೈಕಿನ ಒಳಗೆ ಇರುವುದೂ ಅದೇ. ತೆಳುವಾದ ಪ್ಲಾಸ್ಟಿಕ್ ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಸುತ್ತ ಅಯಸ್ಕಾಂತ. ದನಿ ತಾಕಿದಾಗ ಪೊರೆ ಅದುರುತ್ತದೆ, ಸುರುಳಿ ಅಲುಗುತ್ತದೆ, ದನಿಯ ಏರಿಳಿತವೇ ವಿದ್ಯುತ್ತಿನ ಏರಿಳಿತವಾಗುತ್ತದೆ. ಬ್ಯಾಟರಿ ಬೇಡ. ಇದನ್ನೇ ತಿರುಗಿಸಿದರೆ ಸ್ಪೀಕರು. ಮನೆಯಲ್ಲಿ ಹಳೆಯ ಇಯರ್‌ಫೋನ್ ಇದ್ದರೆ ಕಂಪ್ಯೂಟರಿನ ಮೈಕು ಸಿಕ್ಕಿಸುವ ತೂತಿಗೆ ಸಿಕ್ಕಿಸಿ, ಅದರ ಎದುರು ಮಾತಾಡಿ ಮುದ್ರಿಸಿ ನೋಡಿ. ದನಿ ಕ್ಷೀಣವಾಗಿ ಬಂದರೂ ಬರುತ್ತದೆ.

ಹೀಗೆ ಬಂದ ವಿದ್ಯುತ್ತನ್ನು ಕಂಪ್ಯೂಟರು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಸಿ.ಡಿ.ಯ ಲೆಕ್ಕ ಹೇಳುವುದಾದರೆ ಸೆಕೆಂಡಿಗೆ 44,100 ಬಾರಿ ಅಳತೆ. ಏಕೆ ಇಷ್ಟು? ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಬಲ್ಲದು; ಯಾವುದೇ ಕಂಪನವನ್ನು ನಷ್ಟವಿಲ್ಲದೆ ಹಿಡಿಯಬೇಕಾದರೆ ಅದರ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕು. ಮೂವತ್ತೇಳು ನಿಮಿಷಕ್ಕೆ ಎಷ್ಟು ಅಳತೆಯಾಯಿತು, ನೀವೇ ಗುಣಿಸಿ ನೋಡಿ. ಒಂದು ಕಿವಿಯ ಪಾಲಿಗೇ ಸುಮಾರು 9.8 ಕೋಟಿ! ಒಬ್ಬನ ದುಃಖ ಅಷ್ಟು ಅಂಕಿಗಳಾಗಿ ಒಂದು ತಟ್ಟೆಯಲ್ಲಿ ಕುಳಿತಿತು ಅನ್ನಿ.

ಇನ್ನು ಆ ದನಿ. ನಮ್ಮ ಸಂಗೀತಗಾರರು ‘ಕಳ್ಳದನಿ’ ಎನ್ನುತ್ತಾರಲ್ಲ, ಆ ಬಗೆಯದು. ಸಾಮಾನ್ಯವಾಗಿ ಮಾತಾಡುವಾಗ ಗಂಟಲಿನ ಧ್ವನಿತಂತುಗಳು ತಮ್ಮ ಪೂರ್ತಿ ದಪ್ಪದಲ್ಲಿ ಅದುರುತ್ತವೆ. ಅವನ್ನು ಎಳೆದು ತೆಳುವಾಗಿಸಿದರೆ ಅಂಚು ಮಾತ್ರ ಅದುರುತ್ತದೆ. ಸ್ಥಾಯಿ ಏರುತ್ತದೆ, ತಂತುಗಳು ಪೂರ್ತಿ ಮುಚ್ಚಿಕೊಳ್ಳದ ಕಾರಣ ದನಿಯೊಂದಿಗೆ ಉಸಿರೂ ಸೇರುತ್ತದೆ. ಆ ಉಸಿರಿನಿಂದಲೇ ಯಾರೋ ಪಕ್ಕದಲ್ಲಿ ಕುಳಿತು ಹಾಡಿದಂತೆ ಕೇಳಿಸುವುದು. ಅಷ್ಟೇ ಅಲ್ಲ, ಒಂದು ಸಾಲನ್ನು ಹಾಡಿ ಮುದ್ರಿಸಿ, ಅದನ್ನು ಕೇಳುತ್ತ ಅದರ ಮೇಲೆ ಮತ್ತೊಮ್ಮೆ, ಮಗದೊಮ್ಮೆ ಹಾಡಿ ಪದರ ಪದರವಾಗಿ ಸೇರಿಸಿದ. ಒಬ್ಬನೇ ಮನುಷ್ಯನಾದರೂ ಎರಡು ಸಲ ಹಾಡಿದಾಗ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. 256 ಮತ್ತು 258 ಹರ್ಟ್ಸ್‌ನ ಎರಡು ಶ್ರುತಿಕವೆಗಳನ್ನು ಒಟ್ಟಿಗೆ ಬಡಿದರೆ ಸೆಕೆಂಡಿಗೆ ಎರಡು ಬಾರಿ ಶಬ್ದ ಏರಿಳಿಯುವುದನ್ನು ಪ್ರಯೋಗಶಾಲೆಯಲ್ಲಿ ಕೇಳಿದ್ದೀರಿ. ಅಂಥ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿದಾಗ ಕಿವಿಗೆ ಗುಂಪು ಹಾಡಿದಂತೆ ಅನ್ನಿಸುತ್ತದೆ. ಸುತ್ತ ಯಾರೂ ಇಲ್ಲದವನು ತನಗೆ ತಾನೇ ಒಂದು ಗುಂಪಾದ.

ಮಾತು ಹುಟ್ಟಿದ ರೀತಿಯೂ ವಿಚಿತ್ರ. ಮೊದಲು ಅರ್ಥವಿಲ್ಲದ ಸ್ವರಗಳನ್ನು ಗುನುಗಿ ಮುದ್ರಿಸಿ, ಆಮೇಲೆ ಮತ್ತೆ ಮತ್ತೆ ಕೇಳುತ್ತ ಆ ಶಬ್ದಕ್ಕೆ ಹೊಂದುವ ಪದಗಳನ್ನು ಹುಡುಕಿದ. ನನಗೆ ಮಾತು ಅರ್ಥವಾಗದ್ದರಲ್ಲಿ ನನ್ನ ಇಂಗ್ಲಿಷಿನದಷ್ಟೇ ತಪ್ಪಲ್ಲ ಎಂದು ತಿಳಿದು ಸಮಾಧಾನವಾಯಿತು.

ಐನೂರರಿಂದ ಲೋಕಕ್ಕೆ

ಊರಿಗೆ ಇಳಿದು ಬಂದಾಗ ಆತನ ಕೈಯಲ್ಲಿದ್ದುದನ್ನು ಆತನೇ ಕಚ್ಚಾ ಪ್ರತಿ ಎಂದುಕೊಂಡಿದ್ದ. ಯಾವುದಾದರೂ ಕಂಪನಿಗೆ ಕಳಿಸುವುದು, ಒಪ್ಪಿದರೆ ಒಳ್ಳೆಯ ಸ್ಟುಡಿಯೋದಲ್ಲಿ ಮತ್ತೆ ಸರಿಯಾಗಿ ಹಾಡುವುದು ಎಂಬ ಯೋಚನೆ. ಕೇಳಿದ ಗೆಳೆಯರು ಬೇಡವೆಂದರು. ಇದ್ದಂತೆಯೇ ಇರಲಿ ಎಂದರು. ಕಹಳೆಯಂಥ ಒಂದೆರಡು ವಾದ್ಯಗಳನ್ನು ಗೆಳೆಯರಿಂದ ನುಡಿಸಿ ಸೇರಿಸಿದ್ದು ಬಿಟ್ಟರೆ ಮುದ್ರಣ ಹೆಚ್ಚು ಬದಲಾಗಲಿಲ್ಲ. 2007ರಲ್ಲಿ ವರ್ನನ್ ತನ್ನ ಖರ್ಚಿನಲ್ಲೇ 500 ಸಿ.ಡಿ. ಮಾಡಿಸಿದ. ಕೆಲವನ್ನು ಮಾರಿದ, ಕೆಲವನ್ನು ಪತ್ರಿಕೆಗಳಿಗೂ ವಿಮರ್ಶಕರಿಗೂ ಕಳಿಸಿದ. ನಮ್ಮಲ್ಲಿ ಕವಿಗಳು ಸ್ವಂತ ಖರ್ಚಿನಲ್ಲಿ ಸಂಕಲನ ಅಚ್ಚು ಹಾಕಿಸಿ ಹಂಚುವುದಿಲ್ಲವೆ, ಹಾಗೆಯೇ.

ಆ ವರ್ಷದ ಅಕ್ಟೋಬರಿನಲ್ಲಿ ಸಂಗೀತ ವಿಮರ್ಶೆಗೆ ಹೆಸರಾದ ‘ಪಿಚ್‌ಫೋರ್ಕ್’ ಇದನ್ನು ಮೆಚ್ಚಿ ಬರೆಯಿತು. ಮಾತು ಹರಡಿತು. ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಊರಿನ ‘ಜಾಗ್‌ಜಗುವಾರ್’ ಎಂಬ ಸಣ್ಣ ಸ್ವತಂತ್ರ ಕಂಪನಿ ಮುಂದೆ ಬಂದು 2008ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಮೇ ತಿಂಗಳಿನಲ್ಲಿ ‘ಫೋರ್ ಎ.ಡಿ.’ ಎಂಬ ಬ್ರಿಟಿಷ್ ಕಂಪನಿ ಯುರೋಪಿಗೆ ತಲುಪಿಸಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ವಾಣಿಜ್ಯ ಬಿಡುಗಡೆ ಎಂದಾಗ ನಾವು ಸಾಮಾನ್ಯವಾಗಿ ಯೋಚಿಸುವುದು ಹೊಳಪು, ಜಾಹೀರಾತು, ಬಣ್ಣದ ದೀಪ. ಇಲ್ಲಿ ಕಂಪನಿ ಹಾಡನ್ನು ತಿದ್ದಲಿಲ್ಲ. ಐನೂರು ಪ್ರತಿಗಳಲ್ಲಿ ಇದ್ದದ್ದೇ ಲಕ್ಷಾಂತರ ಮನೆಗಳಿಗೆ ಹೋಯಿತು. ಕಂಪನಿ ಕೊಟ್ಟದ್ದು ಹಾಡುಗಾರನ ಬಳಿ ಇಲ್ಲದ್ದನ್ನು ಮಾತ್ರ: ಅಂಗಡಿಗಳಿಗೆ ದಾರಿ, ಪತ್ರಿಕೆಗಳ ಸಂಪರ್ಕ, ಪ್ರತಿಗಳನ್ನು ಮಾಡಿಸಲು ಬಂಡವಾಳ. ‘ಇಂಡಿ’ ಎಂದು ಕರೆಯುವ ಇಂಥ ಸಣ್ಣ ಕಂಪನಿಗಳಲ್ಲಿ, ಖರ್ಚು ಕಳೆದು ಉಳಿದ ಲಾಭವನ್ನು ಹಾಡುಗಾರನೂ ಕಂಪನಿಯೂ ಸಮವಾಗಿ ಹಂಚಿಕೊಳ್ಳುವ ಕರಾರು ಸಾಮಾನ್ಯ. ಬೀಜ ಒಬ್ಬನದು, ಗಾಡಿ ಇನ್ನೊಬ್ಬನದು.

ಬಿಡುಗಡೆಯಿಂದ ಒಂದು ಹೊಸ ತೊಂದರೆಯೂ ಬಂತು. ಕೋಣೆಯಲ್ಲಿ ಪದರ ಪದರವಾಗಿ ಸೇರಿಸಿದ ದನಿಯನ್ನು ವೇದಿಕೆಯ ಮೇಲೆ ಒಬ್ಬನೇ ಹೇಗೆ ಹಾಡುವುದು? ಗಂಟಲು ಒಂದೇ ತಾನೆ? ಆಗ ಷಾನ್ ಕ್ಯಾರಿ ಎಂಬ ಯುವಕ ತಾನಾಗಿಯೇ ಎಲ್ಲ ಹಾಡುಗಳನ್ನೂ ಕಲಿತುಕೊಂಡು ಬಂದು, ನಾನೂ ನುಡಿಸುತ್ತೇನೆ, ಹಾಡುತ್ತೇನೆ ಎಂದ. ಇನ್ನೊಬ್ಬ, ಮೈಕ್ ನಾಯ್ಸ್. ಆತ ಶಾಲೆಯಲ್ಲಿದ್ದಾಗ ವರ್ನನ್ ಬಳಿ ಗಿಟಾರು ಪಾಠ ಹೇಳಿಸಿಕೊಂಡವನು! ಮೇಷ್ಟ್ರ ಪಕ್ಕದಲ್ಲಿ ಶಿಷ್ಯ ನಿಂತು ಹಾಡಿದ. ಅದೂ ಸಾಲದಾದಾಗ ವರ್ನನ್ ಸಭಿಕರನ್ನೇ ದನಿಗೂಡಿಸಲು ಕೇಳುತ್ತಿದ್ದ. ಏಕಾಂತದಲ್ಲಿ ಒಬ್ಬನೇ ಕಟ್ಟಿಕೊಂಡ ಗುಂಪಿನ ಜಾಗಕ್ಕೆ ನಿಜವಾದ ಗುಂಪು ಬಂತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಬಂದ ಯಶಸ್ಸಿನಲ್ಲಿ ಆತ ಮಹಾನಗರ ಸೇರಲಿಲ್ಲ. ತನ್ನ ಊರಿನ ಹತ್ತಿರದ ಫಾಲ್ ಕ್ರೀಕ್‌ನಲ್ಲಿ, ಹಿಂದೆ ಪಶುವೈದ್ಯರ ಚಿಕಿತ್ಸಾಲಯವಾಗಿದ್ದ ಕಟ್ಟಡವನ್ನು ತಮ್ಮನ ಜೊತೆ ಸೇರಿ ಸ್ಟುಡಿಯೋ ಮಾಡಿಕೊಂಡ. 2011ರಲ್ಲಿ ಎರಡನೆಯ ಸಂಕಲನ ಬಂತು. 2012ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅದರಲ್ಲೊಂದು ‘ಅತ್ಯುತ್ತಮ ಹೊಸ ಕಲಾವಿದ’ ಎಂಬುದು. ಮೊದಲ ಸಂಕಲನ ಬಂದು ಐದು ವರ್ಷವಾದ ಮೇಲೆ ‘ಹೊಸಬ’! ಫಲಿತಾಂಶ ತಡವಾಗುವುದು ನಮ್ಮ ಮಂಡಳಿಗಳಲ್ಲಿ ಮಾತ್ರವಲ್ಲ ಎಂದಾಯಿತು.

ಸೇಬಿನ ಬೀಜ

ಇಷ್ಟು ಓದಿ, ‘ನಾನೂ ಎಲ್ಲ ಬಿಟ್ಟು ಕಾಡಿಗೆ ಹೋದರೆ ಹಾಡು ಬರುತ್ತದೆ’ ಎಂದು ಯಾವ ವಿದ್ಯಾರ್ಥಿಯೂ ತಿಳಿಯಬಾರದು. ಈ ಕಥೆಯನ್ನು ಹಲವರು ಹೇಳುವುದು ಹಾಗೆಯೇ: ಹಿಮ, ಒಂಟಿತನ, ಪವಾಡ. ಅರ್ಧ ಕಥೆ ಅದು. ಆ ಮನೆಗೆ ಹೋಗುವ ಮುನ್ನ ವರ್ನನ್ ಶಾಲೆಯ ಜಾಜ್ ತಂಡದಲ್ಲಿ ನುಡಿಸಿದ್ದ, ಹದಿಹರೆಯದಿಂದಲೇ ಗೆಳೆಯರೊಂದಿಗೆ ತಂಡಗಳನ್ನು ಕಟ್ಟಿದ್ದ, ಯಾರೂ ಹೆಚ್ಚು ಗಮನಿಸದ ಸಂಕಲನಗಳನ್ನು ಸ್ವಂತವಾಗಿ ಮಾಡಿಸಿದ್ದ, ಮೈಕನ್ನು ಎಲ್ಲಿಡಬೇಕು, ಪದರಗಳನ್ನು ಹೇಗೆ ಜೋಡಿಸಬೇಕು ಎಂದು ಕಲಿತಿದ್ದ. ಹತ್ತು ವರ್ಷದ ಅಭ್ಯಾಸದ ಮೇಲೆ ಬಂದ ಮೂರು ತಿಂಗಳು ಅದು.

ಜೀವಶಾಸ್ತ್ರದಿಂದ ಒಂದು ಉದಾಹರಣೆ ಕೊಡುತ್ತೇನೆ. ಸೇಬಿನ ಬೀಜವನ್ನು ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಿದರೆ ಸಾಮಾನ್ಯವಾಗಿ ಮೊಳೆಯುವುದಿಲ್ಲ. ಎರಡು ಮೂರು ತಿಂಗಳು ತೇವದಲ್ಲಿ, ಸೊನ್ನೆಗಿಂತ ಸ್ವಲ್ಪವೇ ಮೇಲಿನ ಚಳಿಯಲ್ಲಿ ಇರಬೇಕು. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ಒಳಗೆ ಮೊಳಕೆಯನ್ನು ತಡೆಹಿಡಿದಿದ್ದ ರಾಸಾಯನಿಕಗಳ ಪ್ರಭಾವ ನಿಧಾನವಾಗಿ ಇಳಿಯುತ್ತಿರುತ್ತದೆ. ಬೇಕಿದ್ದರೆ ಕೆಲವು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಖಾನೆಯಲ್ಲಿಡಿ, ಕೆಲವನ್ನು ಹೊರಗಿಡಿ, ಆಮೇಲೆ ಎರಡನ್ನೂ ಬಿತ್ತಿ ನೋಡಿ. ತಾಯಿಯ ಅನುಮತಿ ಪಡೆದು! ಆದರೆ ಒಂದು ಮಾತು. ಚಳಿ ಭ್ರೂಣವನ್ನು ಸೃಷ್ಟಿಸುವುದಿಲ್ಲ. ಇರುವ ಭ್ರೂಣಕ್ಕೆ ಸಮಯ ಕೊಡುತ್ತದೆ, ಅಷ್ಟೆ. ಒಳಗೆ ಟೊಳ್ಳಾದ ಬೀಜವನ್ನು ಎಷ್ಟು ತಿಂಗಳು ಇಟ್ಟರೂ ಅದು ಟೊಳ್ಳೇ.

ಈಗ ನನ್ನ ತಪ್ಪೊಪ್ಪಿಗೆ. ಈ ಹುಡುಗ ಎಂಟು, ಒಂಬತ್ತನೆಯ ತರಗತಿಯಲ್ಲಿ ಚೆನ್ನಾಗಿ ಕೊಳಲು ನುಡಿಸುತ್ತಿದ್ದ. ಗಾಳಿಯ ಕಂಬ ಅದುರುವುದನ್ನು ಪಾಠ ಮಾಡುವಾಗ ಅವನನ್ನೇ ಮುಂದೆ ಕರೆದು ನುಡಿಸುತ್ತಿದ್ದೆ. ಹತ್ತನೆಯ ತರಗತಿಗೆ ಬಂದಾಗ, ಅವನ ತಂದೆಯನ್ನು ಕರೆಸಿ, “ಈ ಒಂದು ವರ್ಷ ಕೊಳಲು ಬೇಡ, ಅಂಕ ಮುಖ್ಯ” ಎಂದವನು ನಾನೇ. ಅಂಕ ಬಂತು. ಆ ಒಂದು ವರ್ಷ ಪಿ.ಯು.ಸಿ.ಗೆ ಎರಡಾಯಿತು, ಎಂಜಿನಿಯರಿಂಗಿಗೆ ನಾಲ್ಕಾಯಿತು, ನೌಕರಿಗೆ ಇನ್ನಷ್ಟಾಯಿತು. ಕೊಳಲು ಮತ್ತೆ ಕೈಗೆ ಬರಲೇ ಇಲ್ಲ. ಈಗ ಅವನ ಪಾಲಿನ ಚಳಿಗಾಲ ಬಂದಿದೆ. ಬಂದಾಗ ಒಳಗೆ ಏನಿರಬೇಕಿತ್ತೋ ಅದನ್ನು ನಾನು ಹತ್ತು ವರ್ಷದ ಹಿಂದೆಯೇ ಅಟ್ಟಕ್ಕೆ ಹಾಕಿಸಿದ್ದೆ.

ಮೂವತ್ತೇಳು ನಿಮಿಷ ಮುಗಿದಾಗ ಇಯರ್‌ಫೋನ್ ತೆಗೆದು ಕೇಳಿದೆ: “ನಿನ್ನ ಕೊಳಲು ಎಲ್ಲಿದೆಯೋ?” ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. “ಅಟ್ಟದ ಮೇಲೆ ಇರಬೇಕು ಸರ್. ಬಿರುಕು ಬಿಟ್ಟಿರುತ್ತೆ” ಎಂದ. ಅಷ್ಟೇ ಮಾತು. ಬುದ್ಧಿವಾದ ಹೇಳದೆ ಹೊರಗೆ ಬಂದೆ.

ಅಂಗಳದಲ್ಲಿ ತಂದೆ ಕಾಯುತ್ತಿದ್ದರು. “ಹೇಳಿದಿರಾ ಮೇಷ್ಟ್ರೇ?” ಎಂದರು. ಹೇಳಬೇಕಾದದ್ದು ಅವರಿಗೇ ಇತ್ತು, ನನಗೂ ಇತ್ತು. “ಊಟಕ್ಕೆ ಕರೆಯಿರಿ, ಸೌದೆಯೋ ತೋಟದ ಕೆಲಸವೋ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಊಟ, ನಿದ್ದೆ ಸರಿಯಾಗಿ ಆಗದಿದ್ದರೆ ಡಾಕ್ಟರಿಗೆ ತೋರಿಸಲು ತಡಮಾಡಬೇಡಿ. ಆದರೆ ‘ಮುಂದೇನು’ ಅಂತ ದಿನಾ ಕೇಳಬೇಡಿ. ಆ ಅಮೆರಿಕದ ಹುಡುಗನ ತಂದೆ ಮಗನಿಗೆ ಕೊಟ್ಟದ್ದು ಒಂದು ಸೂರು ಮತ್ತು ಒಂದು ಚಳಿಗಾಲ” ಎಂದೆ. ಅವರಿಗೆ ಅಮೆರಿಕದ ಹುಡುಗ ಯಾರೆಂದು ತಿಳಿಯಲಿಲ್ಲ. ತಲೆಯಾಡಿಸಿದರು.

ಅವನು ಸಂಗೀತಗಾರನಾಗುತ್ತಾನೆಂದು ನಾನು ಹೇಳುತ್ತಿಲ್ಲ. ಬಹುಶಃ ಮತ್ತೆ ನೌಕರಿಗೇ ಹೋಗುತ್ತಾನೆ, ಹೋಗಲಿ. ಐನೂರು ಸಿ.ಡಿ. ಮಾಡಿಸಿದವರೆಲ್ಲ ಲೋಕವನ್ನು ಗೆಲ್ಲುವುದಿಲ್ಲ. ಆದರೆ ಸೋತು ಬಂದ ಮನುಷ್ಯನಿಗೆ ಕೈಯಲ್ಲಿ ಹಿಡಿದುಕೊಳ್ಳಲು ಒಂದು ಗಿಟಾರೋ ಕೊಳಲೋ ಕುಂಚವೋ ಇರಬೇಕು. ಅದನ್ನು ಶಾಲೆಯ ದಿನಗಳಲ್ಲೇ ಕೊಡಿಸಬೇಕು. ಕೊಡಿಸಿದ ಮೇಲೆ ಅಂಕದ ಹೆಸರಿನಲ್ಲಿ ಕಸಿದುಕೊಳ್ಳಬಾರದು. ಈ ವರ್ಷ ಹತ್ತನೆಯ ತರಗತಿಯ ಪೋಷಕರ ಸಭೆಯಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಹಾಡು ಕಲಿಯುವ ಮಗುವಿಗೆ ದಿನಕ್ಕೆ ಅರ್ಧ ಗಂಟೆ ಬಿಟ್ಟುಕೊಡಿ. ಕಡಿಮೆಯಾಗುವ ಅಂಕಕ್ಕೆ ಈ ಮೇಷ್ಟ್ರು ಜವಾಬ್ದಾರ.